ಸೇನಾ ಸ್ಮಶಾನದಲ್ಲಿ ಗೌರವ ಸಲ್ಲಿಸುವ ಸೈನಿಕರ ಬಗ್ಗೆ ತಿಳಿದವರು ವಿವರಿಸುವಿರಾ?

ಪ್ರಶ್ನೆ: ಗಂಗಾವತಿಯ ಶಿಕ್ಷಕಿ

ನಾನು ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಬೋಧಿಸುತ್ತೇನೆ. ಅಮೆರಿಕದ ಆರ್ಲಿಂಗ್ಟನ್ ರಾಷ್ಟ್ರೀಯ ಸ್ಮಶಾನದಲ್ಲಿ ಅಜ್ಞಾತ ಯೋಧನ ಸಮಾಧಿಯನ್ನು ಕಾಯುವ ಸೈನಿಕನ ವಿಡಿಯೊ ಒಂದು ನಮ್ಮ ವಿದ್ಯಾರ್ಥಿಗಳ ನಡುವೆ ಹರಿದಾಡುತ್ತಿದೆ. ಈ ಕಾವಲುಗಾರರು ಎರಡು ವರ್ಷ ಸಮಾಧಿಯ ಕೆಳಗಿನ ಕೋಣೆಯಲ್ಲೇ ವಾಸಿಸಬೇಕು, ಜೀವನಪರ್ಯಂತ ಮದ್ಯ ಮುಟ್ಟುವಂತಿಲ್ಲ ಎಂದೆಲ್ಲ ಅದರ ಜೊತೆಗಿನ ಬರಹದಲ್ಲಿದೆ. ಸೇನೆಗೆ ಸೇರುವ ಆಸೆಯಿಂದ ದಿನವೂ ನಸುಕಿನಲ್ಲಿ ಓಟದ ಅಭ್ಯಾಸ ಮಾಡುವ ಹುಡುಗರು ಇದು ನಿಜವೇ ಎಂದು ಕೇಳಿದರೆ, ಗೊತ್ತಿಲ್ಲದೆ ಏನನ್ನಾದರೂ ಹೇಳಲು ನನಗೆ ಮನಸ್ಸು ಬರುವುದಿಲ್ಲ. ಆ ಸೈನಿಕರ ಕೆಲಸ ಹೇಗಿರುತ್ತದೆ, ನಮ್ಮ ಸೇನೆಯಲ್ಲಿ ಇಂಥ ಕೆಲಸವನ್ನು ಯಾರು ಮಾಡುತ್ತಾರೆ ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಿ.

ಉತ್ತರ: ರಾಯಚೂರಿನ ಓದುಗ

ಮೇಡಂ, ಮದ್ಯದ ಮಾತು ಶುದ್ಧ ಸುಳ್ಳು. ಅಂಥ ಮುಚ್ಚಳಿಕೆಯನ್ನು ಯಾರೂ ಬರೆಸಿಕೊಳ್ಳುವುದಿಲ್ಲ. ಸಮಾಧಿಯ ಬಳಿಯ ಸ್ಮಾರಕ ಸಭಾಂಗಣದ ಕೆಳಗೆ ಕಾವಲುಗಾರರ ಕೋಣೆಗಳಿರುವುದು ನಿಜ, ಆದರೆ ಅವು ಪಾಳಿಯ ನಡುವೆ ಸಮವಸ್ತ್ರ ಸರಿಪಡಿಸಿಕೊಂಡು ವಿಶ್ರಮಿಸುವುದಕ್ಕೆ ಇರುವಂಥವು. ಪಾಳಿ ಮುಗಿದ ಮೇಲೆ ಅವರೂ ಬ್ಯಾರಕ್ಕಿಗೋ ತಮ್ಮ ಮನೆಗೋ ಹೋಗುತ್ತಾರೆ.

ಮಗಳ ಮನೆಗೆಂದು ಹೋಗಿದ್ದಾಗ ನಾನು ಆ ಸಮಾಧಿಯ ಮುಂದೆ ಬಹಳ ಹೊತ್ತು ನಿಂತಿದ್ದೆ. ಕಾವಲುಗಾರನು ಕಪ್ಪು ಹಾಸಿನ ಮೇಲೆ 21 ಹೆಜ್ಜೆ ನಡೆದು, ಪೂರ್ವಕ್ಕೆ ತಿರುಗಿ 21 ಸೆಕೆಂಡು ನಿಂತು, ಮತ್ತೆ ತಿರುಗಿ ಬಂದೂಕನ್ನು ಇನ್ನೊಂದು ಹೆಗಲಿಗೆ ಬದಲಿಸಿ, ಇನ್ನೂ 21 ಸೆಕೆಂಡು ಕಳೆದು, ಬಂದ ದಾರಿಯಲ್ಲೇ 21 ಹೆಜ್ಜೆ ಹಿಂದಿರುಗುತ್ತಾನೆ. ಅತ್ಯುನ್ನತ ಸೇನಾ ಗೌರವವಾದ 21 ತೋಪುಗಳ ಸಲಾಮಿಯೇ ಈ ಎಣಿಕೆಗೆ ಮೂಲ. ಬಂದೂಕು ಯಾವಾಗಲೂ ಸಮಾಧಿಗೆ ದೂರವಾದ, ಜನರಿರುವ ಕಡೆಯ ಹೆಗಲಿನ ಮೇಲಿರುತ್ತದೆ, ಏಕೆಂದರೆ ಆತ ನಿಂತಿರುವುದು ಸಮಾಧಿಗೂ ಅದಕ್ಕೆ ಬರಬಹುದಾದ ಅಪಾಯಕ್ಕೂ ನಡುವೆ. ಒಳಗಿರುವ ಯೋಧನ ದರ್ಜೆ ಯಾರಿಗೂ ತಿಳಿಯದು. ಆದ್ದರಿಂದ ಹೆಜ್ಜೆ ಹಾಕುವ ಸೈನಿಕನು ಅವನಿಗಿಂತ ಮೇಲಿನವನಾಗಿ ಕಾಣಬಾರದೆಂದು ತನ್ನ ದರ್ಜೆಯ ಪಟ್ಟಿಯನ್ನೇ ಧರಿಸುವುದಿಲ್ಲ. ಈ ಒಂದು ನಿಯಮಕ್ಕೆ ನಾನು ಮನಸಾರೆ ತಲೆಬಾಗಿದೆ.

ಮೊದಲ ಮಹಾಯುದ್ಧದ ಅಜ್ಞಾತ ಯೋಧನನ್ನು ಅಲ್ಲಿ ಮಣ್ಣು ಮಾಡಿದ್ದು 1921ರ ನವೆಂಬರ್ 11ರಂದು. 1937ರಿಂದ ಕಾವಲು ಹಗಲೂ ರಾತ್ರಿ ಒಂದು ಕ್ಷಣವೂ ತಪ್ಪಿಲ್ಲ. ಸ್ಮಶಾನದ ಬಾಗಿಲು ಮುಚ್ಚಿ, ನೋಡಲು ಒಬ್ಬರೂ ಇಲ್ಲದ ನಡುರಾತ್ರಿಯಲ್ಲೂ ಕಾವಲು ಮುಂದುವರಿಯುತ್ತದೆ. ವಿದ್ಯಾರ್ಥಿಗಳಿಗೆ ಇದನ್ನೇ ಮೊದಲು ಹೇಳಿ.

ಕಾವಲುಗಾರರು 1784ರಲ್ಲಿ ಸ್ಥಾಪನೆಯಾದ 3ನೇ ಪದಾತಿ ರೆಜಿಮೆಂಟಿಗೆ, ಅಂದರೆ 'ಓಲ್ಡ್ ಗಾರ್ಡ್' ಎಂದು ಹೆಸರಾದ ಪಡೆಗೆ ಸೇರಿದವರು. ಅಂತ್ಯಕ್ರಿಯೆಯಲ್ಲಿ ಶವಪೆಟ್ಟಿಗೆ ಹೊರುವುದು, ಮೂರು ಸುತ್ತು ಗುಂಡು ಹಾರಿಸುವುದು, ಧ್ವಜವನ್ನು ತ್ರಿಕೋನವಾಗಿ ಮಡಚುವುದು ಎಲ್ಲವೂ ಈ ರೆಜಿಮೆಂಟಿನ ಕೆಲಸವೇ. ಪ್ರತಿವರ್ಷ ಮೇ ತಿಂಗಳಲ್ಲಿ ಹುತಾತ್ಮರ ಸ್ಮರಣೆಯ ದಿನಕ್ಕೆ ಮುನ್ನ ಎರಡೂವರೆ ಲಕ್ಷಕ್ಕೂ ಹೆಚ್ಚು ಸಮಾಧಿಗಲ್ಲುಗಳ ಮುಂದೆ, ಕಲ್ಲಿನಿಂದ ಒಂದು ಬೂಟಿನಷ್ಟು ದೂರ ಬಿಟ್ಟು, ಪುಟ್ಟ ಧ್ವಜ ನೆಡುವವರೂ ಇವರೇ.

ಉತ್ತರ: ಬಳ್ಳಾರಿಯ ನಿವೃತ್ತ ಹವಾಲ್ದಾರ್

ಮೇಡಂ ಅವರೇ, ನಮ್ಮಲ್ಲಿ ಅಂತ್ಯಸಂಸ್ಕಾರಕ್ಕೆಂದೇ ಮೀಸಲಾದ ರೆಜಿಮೆಂಟ್ ಇಲ್ಲ. ಅಲ್ಲಿ ಯೋಧನ ದೇಹ ಸ್ಮಶಾನಕ್ಕೆ ಬರುತ್ತದೆ. ಇಲ್ಲಿ ಪಾರ್ಥಿವ ಶರೀರ ಅವನ ಹುಟ್ಟೂರಿಗೆ ಬರುತ್ತದೆ, ಗೌರವ ಸಲ್ಲಿಸುವ ತುಕಡಿಯೂ ಅದರೊಂದಿಗೆ ಅಲ್ಲಿಗೇ ಹೋಗಬೇಕಾಗುತ್ತದೆ. ನಮ್ಮವರಲ್ಲಿ ಬಹುಪಾಲು ಜನರಿಗೆ ದಹನ ಸಂಸ್ಕಾರವೇ ಪದ್ಧತಿ. ಎರಡನೆಯ ಮಹಾಯುದ್ಧದ ಕೊಹಿಮಾ ಸ್ಮಶಾನದಲ್ಲಿಯೂ ಅಷ್ಟೇ, ಅಲ್ಲಿ ದಹನವಾದ 917 ಹಿಂದೂ ಮತ್ತು ಸಿಖ್ ಸೈನಿಕರಿಗೆ ಗೋರಿಗಳಿಲ್ಲ, ಅವರ ಹೆಸರುಗಳಿಗೆ ಪ್ರತ್ಯೇಕ ಸ್ಮಾರಕವಿದೆ. ಸಿಯಾಚಿನ್ ಹಿಮಪಾತದಲ್ಲಿ ಆರು ದಿನ ಹೂತುಹೋಗಿ ಬದುಕಿ ಬಂದು, 2016ರ ಫೆಬ್ರುವರಿ 11ರಂದು ತೀರಿಕೊಂಡ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರಿಗೆ ಸೇನಾ ಗೌರವ ಸಂದದ್ದೂ ಧಾರವಾಡ ಜಿಲ್ಲೆಯ ಅವರ ಸ್ವಂತ ಊರಾದ ಬೆಟದೂರಿನಲ್ಲಿಯೇ.

ನಾನು ಸೇವೆಯಲ್ಲಿದ್ದಾಗ ಇಂಥ ತುಕಡಿಗಳಲ್ಲಿ ನಿಂತಿದ್ದೇನೆ. ಮೈದಾನದಲ್ಲಿ ಕಲಿತ ಡ್ರಿಲ್ಲನ್ನು ಹೊಲದ ಬದುವಿನ ಮೇಲೆ, ಊರಿಗೆ ಊರೇ ಸೇರಿದ ನೂಕುನುಗ್ಗಲಿನಲ್ಲಿ, ತಾಯಿಯ ಅಳು ಕಿವಿಗೆ ಬೀಳುತ್ತಿರುವಾಗ ತಪ್ಪಿಲ್ಲದೆ ಮಾಡಬೇಕು. 'ಶೋಕ ಶಸ್ತ್ರ' ಎಂಬ ಆಜ್ಞೆ ಬಂದಾಗ ಬಂದೂಕಿನ ಬಾಯಿ ಕೆಳಗಾಗುತ್ತದೆ, ತಲೆ ಬಾಗುತ್ತದೆ, ಬ್ಯೂಗಲ್ಲಿನಲ್ಲಿ 'ಲಾಸ್ಟ್ ಪೋಸ್ಟ್' ಮೊಳಗುತ್ತದೆ. ಆ ಹೊತ್ತಿನಲ್ಲಿ ಕಣ್ಣೀರು ಒರೆಸಿಕೊಳ್ಳಲು ಕೂಡ ಕೈ ಎತ್ತುವಂತಿಲ್ಲ. ಪತ್ರಿಕೆಗಳು ಕುಶಾಲತೋಪು ಎಂದು ಬರೆಯುವುದು ಗುಂಡಿಲ್ಲದ ತೋಟಾಗಳನ್ನು ಗಾಳಿಯಲ್ಲಿ ಹಾರಿಸುವ ಕ್ರಮವನ್ನು. ಎಲ್ಲ ಬಂದೂಕುಗಳ ಸದ್ದು ಒಂದೇ ಸದ್ದಾಗಿ ಕೇಳಿಸಬೇಕು, ಹಿಂದೆ ಮುಂದೆ ಆದರೆ ಅದು ಆ ಕುಟುಂಬಕ್ಕೆ ಮಾಡಿದ ಅಗೌರವವೆಂದು ನಮಗೆ ಕಲಿಸಿದ್ದರು.

ಧ್ವಜದ ವಿಷಯವನ್ನು ನಿಮ್ಮ ಮಕ್ಕಳಿಗೆ ಅಗತ್ಯವಾಗಿ ತಿಳಿಸಿ. ಹೊದಿಸುವಾಗ ಕೇಸರಿ ತಲೆಯ ಕಡೆಗಿರಬೇಕು. ಧ್ವಜವನ್ನು ಗುಂಡಿಗೆ ಇಳಿಸಬಾರದು, ಚಿತೆಯಲ್ಲಿ ಸುಡಬಾರದು. ಅದಕ್ಕೆ ಮುನ್ನವೇ ತೆಗೆದು, ಅಶೋಕ ಚಕ್ರ ಮೇಲೆ ಕಾಣುವಂತೆ ಮಡಚಿ, ಎರಡೂ ಅಂಗೈಗಳ ಮೇಲಿಟ್ಟು ಮನೆಯವರಿಗೆ ಒಪ್ಪಿಸುತ್ತಾರೆ.

ಉತ್ತರ: ಸಿಂಧನೂರಿನ ಯುವಕ

ಹಿರಿಯರ ಮಾತಿಗೆ ನನ್ನ ಗೌರವವಿದೆ. ಆದರೂ ಒಂದು ಮಾತು ಕೇಳಲೇಬೇಕು. ಗೌರವದ ದಿನ ಮುಗಿದ ಮೇಲೆ ಯೋಧನ ಪತ್ನಿ ಪಿಂಚಣಿಯ ಕಾಗದಪತ್ರ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆಯುವುದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಒಂದು ದಿನದ ಶಿಸ್ತಿಗೆ ಇಷ್ಟು ಶ್ರಮಪಡುವ ಬದಲು ಆ ಕುಟುಂಬದ ಮುಂದಿನ ವರ್ಷಗಳತ್ತ ಗಮನ ಕೊಡುವುದು ಹೆಚ್ಚಿನ ಗೌರವವಲ್ಲವೇ?

ಉತ್ತರ: ಬಳ್ಳಾರಿಯ ನಿವೃತ್ತ ಹವಾಲ್ದಾರ್

ತಮ್ಮಾ, ನೀನು ಹೇಳಿದ ಅಲೆದಾಟ ನಿಜ, ಅದು ನಿಲ್ಲಲೇಬೇಕು. ಆದರೆ ಅದಕ್ಕಾಗಿ ಇದನ್ನು ಬಿಡಬೇಕೆಂಬ ಮಾತನ್ನು ನಾನು ಒಪ್ಪುವುದಿಲ್ಲ. ಪಿಂಚಣಿ ಆ ತಾಯಿಯ ಹಕ್ಕು, ಯಾರೂ ಕೊಡುವ ಉಪಕಾರವಲ್ಲ; ಅದು ತಡವಾದರೆ ಹೋರಾಡಿ ಪಡೆಯಬಹುದು. ಅಂತ್ಯಸಂಸ್ಕಾರದ ಗಳಿಗೆ ಹಾಗಲ್ಲ, ಅಲ್ಲಿ ತಪ್ಪಿದ್ದನ್ನು ಮರುದಿನ ಸರಿಪಡಿಸಲು ಬರುವುದಿಲ್ಲ.

ಉತ್ತರ: ರಾಯಚೂರಿನ ಓದುಗ

ಸಿಂಧನೂರಿನವರ ಪ್ರಶ್ನೆಗೆ ಪೂರಕವಾಗಿ ಒಂದು ವಿಷಯ ಸೇರಿಸುತ್ತೇನೆ. ಆರ್ಲಿಂಗ್ಟನ್‌ನಲ್ಲಿ 1948ರಲ್ಲಿ ವಾಯುಪಡೆಯ ಮುಖ್ಯಸ್ಥರ ಪತ್ನಿ, ಬಂಧುಗಳಿಲ್ಲದೆ ನಡೆಯುತ್ತಿದ್ದ ಅಂತ್ಯಕ್ರಿಯೆಗಳನ್ನು ಕಂಡು, ಯಾವ ಯೋಧನೂ ಒಂಟಿಯಾಗಿ ಮಣ್ಣಾಗಬಾರದೆಂದು ಸ್ವಯಂಸೇವಕಿಯರ ಗುಂಪೊಂದನ್ನು ಕಟ್ಟಿದರು. ಆ ಪರಂಪರೆಯ ಮಹಿಳೆಯರು ಇಂದಿಗೂ ಅಂತ್ಯಕ್ರಿಯೆಗಳಿಗೆ ಹೋಗಿ ನಿಲ್ಲುತ್ತಾರೆ, ಕುಟುಂಬಕ್ಕೆ ಸಾಂತ್ವನದ ಪತ್ರ ಕೊಡುತ್ತಾರೆ. ಸೈನಿಕರು ಮಾಡಲಾಗದ ಭಾಗವನ್ನು ನಾಗರಿಕರು ವಹಿಸಿಕೊಳ್ಳುವ ಇಂಥ ದಾರಿಯನ್ನು ನಮ್ಮ ಊರುಗಳಲ್ಲಿಯೂ ಯೋಚಿಸಬಹುದು. ಆ ಕಾಗದಪತ್ರ ಹಿಡಿದ ತಾಯಿಯ ಜೊತೆ ಕಚೇರಿಗೆ ಹೋಗಲು ಓದುಬರಹ ಬಲ್ಲ ಒಬ್ಬರಿದ್ದರೂ ಅರ್ಧ ಅಲೆದಾಟ ತಪ್ಪುತ್ತದೆ.

ಮೇಡಂ, ಮಕ್ಕಳನ್ನು ದೆಹಲಿ ಪ್ರವಾಸಕ್ಕೆ ಕರೆದೊಯ್ಯುವುದಾದರೆ, 2019ರ ಫೆಬ್ರುವರಿ 25ರಂದು ಉದ್ಘಾಟನೆಯಾದ ರಾಷ್ಟ್ರೀಯ ಯುದ್ಧ ಸ್ಮಾರಕಕ್ಕೆ ಸಂಜೆಯ ಹೊತ್ತಿಗೆ ಹೋಗಿ. ಪ್ರವೇಶ ಉಚಿತ. ಹುತಾತ್ಮ ಯೋಧರೊಬ್ಬರ ಕುಟುಂಬದವರು ಬಂದು ಪುಷ್ಪಗುಚ್ಛ ಇರಿಸುವ ಕಾರ್ಯಕ್ರಮ ಅಲ್ಲಿ ಸಂಜೆ ನಡೆಯುತ್ತದೆ, ಸಾರ್ವಜನಿಕರೂ ಅದನ್ನು ನಿಂತು ನೋಡಬಹುದು.