ಎಚ್‌ಐವಿ ಇದ್ದಾಗ ಕಫದಲ್ಲಿ ಕ್ಷಯ ಕಾಣದಿರಬಹುದೇ?

ಪ್ರಶ್ನೆ: ಎಚ್‌ಐವಿ ಸೋಂಕಿರುವ ನನ್ನ ಅಣ್ಣನಿಗೆ ಒಂದು ತಿಂಗಳಿಂದ ಸಂಜೆ ಹೊತ್ತು ಜ್ವರ ಬರುತ್ತಿದ್ದು, ತೂಕವೂ ಇಳಿಯುತ್ತಿದೆ; ಆದರೆ ಕಫವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕ್ಷಯದ ರೋಗಾಣು ಕಂಡಿಲ್ಲ. ಇದನ್ನು ನಂಬಬಹುದೇ?

ಉತ್ತರ 1: ಅಷ್ಟರಿಂದಲೇ ಕ್ಷಯವಿಲ್ಲವೆಂದು ತೀರ್ಮಾನಿಸಬೇಡಿ. ಕ್ಷಯದ ರೋಗಾಣುಗಳನ್ನು ಸುತ್ತುವರಿದು ಹಿಡಿದಿಡುವ ಗಂಟುಗಳು ಸಿಡಿ4 ಕೋಶಗಳ (ರೋಗನಿರೋಧಕ ಬಿಳಿ ರಕ್ತಕಣಗಳ) ಬಲದಿಂದ ನಿಂತಿರುತ್ತವೆ. ಎಚ್‌ಐವಿ ಆ ಕೋಶಗಳನ್ನೇ ನಾಶಮಾಡುವುದರಿಂದ ಗಂಟು ಸಡಿಲಗೊಂಡು, ರೋಗಾಣುಗಳನ್ನು ಕಫಕ್ಕೆ ಸೇರಿಸುವ ಕುಳಿ ಶ್ವಾಸಕೋಶದಲ್ಲಿ ಮೂಡದೆ, ಕಫದಲ್ಲಿ ರೋಗಾಣುಗಳು ವಿರಳವಾಗುತ್ತವೆ, ರೋಗ ಮಾತ್ರ ದುಗ್ಧಗ್ರಂಥಿಗಳಿಗೂ ಮಿದುಳಿನ ಪೊರೆಗೂ ಹರಡಬಹುದು. ರೋಗಾಣುವಿನ ಡಿಎನ್‌ಎಯನ್ನು ಪತ್ತೆಹಚ್ಚುವ ಜೀನ್‌ಎಕ್ಸ್‌ಪರ್ಟ್‌ನಂತಹ ಆಣ್ವಿಕ ಪರೀಕ್ಷೆಯನ್ನು ದಯವಿಟ್ಟು ತಡಮಾಡದೆ ಮಾಡಿಸಿ.

ಉತ್ತರ 2: ಕ್ಷಯ ಖಚಿತವಾದರೆ, ಅವರು ನುಂಗುತ್ತಿರುವ ಎಚ್‌ಐವಿ ಮಾತ್ರೆಗಳನ್ನು ವೈದ್ಯರಿಗೆ ತೋರಿಸಿ. ಕ್ಷಯದ ಔಷಧಿಯಾದ ರಿಫಾಂಪಿಸಿನ್ ರಕ್ತದಲ್ಲಿ ಎಚ್‌ಐವಿ ಔಷಧಿಯಾದ ಡೊಲುಟೆಗ್ರಾವಿರ್‌ನ ಪ್ರಮಾಣವನ್ನು ತಗ್ಗಿಸುವುದರಿಂದ, ಡೊಲುಟೆಗ್ರಾವಿರ್‌ನ 50 ಮಿಲಿಗ್ರಾಂ ಮಾತ್ರೆಯನ್ನು ಸಾಮಾನ್ಯವಾಗಿ ದಿನಕ್ಕೆ 2 ಬಾರಿ ಕೊಡುತ್ತಾರೆ.

ಪ್ರಶ್ನೆ ಕೇಳಿದವರು: ನಾಳೆಯೇ ಪರೀಕ್ಷೆಗೆ ಕರೆದೊಯ್ಯುತ್ತೇನೆ.