ಮನೆ ಬದಲಾಯಿಸುವ ಮುನ್ನ ಮೇಗನ್ಸ್ ಲಾ ಸೈಟ್ ನೋಡುವುದು ಹೇಗೆ? ಹತ್ತಿರದಲ್ಲೇ ಹೆಸರು ಕಂಡರೆ ಏನು ಮಾಡಬೇಕು?

ಫ್ರೀಮಾಂಟ್_ಕನ್ನಡತಿ:

ಎಲ್ಲರಿಗೂ ನಮಸ್ಕಾರ. ಸನ್ನಿವೇಲ್‌ನಿಂದ ಫ್ರೀಮಾಂಟ್ ಕಡೆಗೆ ಮನೆ ಬದಲಾಯಿಸುತ್ತಿದ್ದೇವೆ. ಮಗಳಿಗೆ 6 ವರ್ಷ, ಮಗನಿಗೆ 3. ಲೈಂಗಿಕ ಅಪರಾಧಿಗಳ ಸಾರ್ವಜನಿಕ ಪಟ್ಟಿ (ಅದನ್ನು ತೋರಿಸುವುದೇ ಮೇಗನ್ಸ್ ಲಾ ಸೈಟ್) ನೋಡಿಯೇ ಮನೆ ಆರಿಸಬೇಕು ಅಂದುಕೊಂಡಿದ್ದೇವೆ. ನಾವು ನೋಡಿರುವ ಒಂದು ಅಪಾರ್ಟ್‌ಮೆಂಟಿನಿಂದ ಅರ್ಧ ಮೈಲಿ ಒಳಗೆ ಎರಡು ಗುರುತು ಕಾಣಿಸುತ್ತಿವೆ, ಇನ್ನೊಂದರ ಸುತ್ತ ಒಂದೂ ಇಲ್ಲ. ಹಾಗಾದರೆ ಎರಡನೆಯದೇ ಸುರಕ್ಷಿತ ಅಂತ ತೀರ್ಮಾನಿಸಬಹುದಾ? ಶಾಲೆಯ ಹತ್ತಿರ ಇಂಥವರು ವಾಸ ಮಾಡುವ ಹಾಗೇ ಇಲ್ಲ ಅಂತ ಕೇಳಿದ್ದೆ, ಅದು ನಿಜವಾ? ಕಂಡ ಫೋಟೊಗಳನ್ನು ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೆ ಹಾಕಬಹುದಾ? ಸಂಜೆ ಹೊತ್ತು ಮಕ್ಕಳನ್ನು ನೋಡಿಕೊಳ್ಳುವವರನ್ನೂ ಹುಡುಕುತ್ತಿದ್ದೇವೆ, ಅವರ ಬಗ್ಗೆ ಹೇಗೆ ವಿಚಾರಿಸುವುದು?

ಸಹ್ಯಾದ್ರಿ_ಸ್ಯಾನ್‌ಹೋಸೆ:

ಎರಡನೆಯದೇ ಸುರಕ್ಷಿತ ಅಂತ ಹೇಳಲು ಬರುವುದಿಲ್ಲ ಮೇಡಂ. ಯಾಕೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಇಲ್ಲೇ ಹೆಚ್ಚಿನವರು ಎಡವುವುದು.

2021ರ ಜನವರಿ 1ರಿಂದ ಕ್ಯಾಲಿಫೋರ್ನಿಯಾದಲ್ಲಿ ಈ ಅಪರಾಧಿಗಳಿಗೆ ಮೂರು ಶ್ರೇಣಿಗಳಿವೆ. ಒಂದನೇ ಶ್ರೇಣಿಯವರು ಕನಿಷ್ಠ 10 ವರ್ಷ, ಎರಡನೆಯವರು ಕನಿಷ್ಠ 20 ವರ್ಷ, ಮೂರನೆಯವರು ಬದುಕಿರುವಷ್ಟು ದಿನ ಪೊಲೀಸರಲ್ಲಿ ನೋಂದಾಯಿಸಿಕೊಳ್ಳಬೇಕು. ಆದರೆ ನೋಂದಣಿ ಆದವರೆಲ್ಲ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಮೂರನೇ ಶ್ರೇಣಿಯವರಿಗೆ ಸಾಮಾನ್ಯವಾಗಿ ಮನೆ ವಿಳಾಸವನ್ನೇ ತೋರಿಸುತ್ತಾರೆ. ಎರಡನೇ ಶ್ರೇಣಿಯ ಬಹುತೇಕರಿಗೆ ಜಿಪ್ ಕೋಡ್ ಮಾತ್ರ, ಅಂದರೆ ನಕ್ಷೆಯ ಮೇಲೆ ಮನೆಯ ಗುರುತು ಇರುವುದಿಲ್ಲ. ಒಂದನೇ ಶ್ರೇಣಿಯವರು ಸಾಮಾನ್ಯವಾಗಿ ಸೈಟ್‌ನಲ್ಲೇ ಇಲ್ಲ. ಮನೆಮಠ ಇಲ್ಲದೆ ಅಲೆಯುವವರಿಗೂ ನಕ್ಷೆಯಲ್ಲಿ ಒಂದು ಜಾಗ ಅಂತ ಇರುವುದಿಲ್ಲ. ಹಾಗಾಗಿ ನಕ್ಷೆ ನೋಡಿ ನಿಲ್ಲಿಸಬೇಡಿ, ಆ ಊರಿನ ಮತ್ತು ಜಿಪ್ ಕೋಡಿನ ಪೂರ್ತಿ ಪಟ್ಟಿಯನ್ನೂ ತೆರೆಯಿರಿ. ಖಾಲಿ ಕಂಡ ನಿಮ್ಮ ಎರಡನೇ ಅಪಾರ್ಟ್‌ಮೆಂಟಿನ ಜಿಪ್‌ನಲ್ಲಿ ಹೆಸರುಗಳು ಬಂದರೂ ಬರಬಹುದು.

ನೋಡುವ ಕ್ರಮ ಹೀಗೆ. ವಿಳಾಸದ ಹುಡುಕಾಟಕ್ಕೆ ರಾಜ್ಯದ ಸೈಟ್ ಒಳ್ಳೆಯದು: ಮೇಗನ್ಸ್‌ಲಾ ಡಾಟ್ ಸಿಎ ಡಾಟ್ ಗವ್. ಷರತ್ತು ಒಪ್ಪಿ ಒಳಹೋಗಿ, ಮನೆ, ಶಾಲೆ, ಡೇಕೇರ್, ಸಂಜೆ ಕ್ಲಾಸ್, ಪಾರ್ಕು, ಇಷ್ಟೂ ಜಾಗಗಳ ವಿಳಾಸ ಬೇರೆ ಬೇರೆಯಾಗಿ ಹಾಕಿ. ಮನೆಯದನ್ನು ಮಾತ್ರ ನೋಡಿದರೆ ಮಗು ದಿನವಿಡೀ ಇರುವ ಜಾಗ ಬಿಟ್ಟುಹೋಗುತ್ತದೆ.

ಒಬ್ಬ ವ್ಯಕ್ತಿಯ ಹೆಸರು ಹುಡುಕಲು ರಾಷ್ಟ್ರೀಯ ಸೈಟ್ ಬೇಕು: ಎನ್‌ಎಸ್‌ಒಪಿಡಬ್ಲ್ಯೂ ಡಾಟ್ ಗವ್. ಕೇಂದ್ರದ ನ್ಯಾಯ ಇಲಾಖೆಯದು, 2005ರಿಂದ ಇದೆ. ಇದಕ್ಕೆ ಸ್ವಂತ ಪಟ್ಟಿ ಇಲ್ಲ. ನೀವು ಹುಡುಕಿದ ಗಳಿಗೆಯಲ್ಲಿ ಎಲ್ಲ ರಾಜ್ಯಗಳ ಪಟ್ಟಿಗಳನ್ನು ವಿಚಾರಿಸಿ ಉತ್ತರ ತರುತ್ತದೆ. ಯಾವುದಾದರೂ ರಾಜ್ಯದ ಸರ್ವರ್ ಆಗ ಕೈಕೊಟ್ಟಿದ್ದರೆ ಅಲ್ಲಿಂದ ಏನೂ ಬರುವುದಿಲ್ಲ. ಆ ರಾಜ್ಯ ಸಿಗಲಿಲ್ಲ ಅಂತ ಪುಟದಲ್ಲೇ ಸೂಚನೆ ಇರುತ್ತದೆ, ಅದನ್ನು ಓದದೆ 'ಏನೂ ಇಲ್ಲ' ಅಂತ ಮುಚ್ಚಿಬಿಡುತ್ತಾರೆ. ಮಾರನೇ ದಿನ ಇನ್ನೊಮ್ಮೆ ಹುಡುಕಿ. ಪೂರ್ತಿ ಹೆಸರು ಒಮ್ಮೆ, ಚುಟುಕು ಹೆಸರು ಒಮ್ಮೆ (ರಾಬರ್ಟ್, ಬಾಬ್), ಮದುವೆಗೆ ಮುಂಚಿನ ಅಡ್ಡಹೆಸರು ಗೊತ್ತಿದ್ದರೆ ಅದೂ ಒಮ್ಮೆ.

ಹೆಸರು ಸಿಕ್ಕಿತು ಅಂದ ಮಾತ್ರಕ್ಕೆ ಅದೇ ವ್ಯಕ್ತಿ ಅಂತಲ್ಲ. ಫೋಟೊ, ವಯಸ್ಸು, ಎತ್ತರ, ಹಚ್ಚೆ ಅಥವಾ ಗಾಯದ ಗುರುತು, ಬೇರೆ ಹೆಸರುಗಳ ಸಾಲು, ಎಲ್ಲ ಕೂಡಿಬರಬೇಕು. ಆಮೇಲೆ ಕ್ಯಾಲಿಫೋರ್ನಿಯಾ ದಂಡ ಸಂಹಿತೆಯ ಯಾವ ಕಲಂ ಅಡಿ ಅಪರಾಧ ಅಂತ ನೋಡಿ. 288(ಎ) ಅಂದರೆ 14 ವರ್ಷದೊಳಗಿನ ಮಗುವಿನ ಮೇಲೆ ಲೈಂಗಿಕ ಕೃತ್ಯ. 647.6 ಅಂದರೆ 18ರೊಳಗಿನವರಿಗೆ ಲೈಂಗಿಕ ಉದ್ದೇಶದಿಂದ ಕಿರುಕುಳ. 311.11 ಮಕ್ಕಳ ಅಶ್ಲೀಲ ಚಿತ್ರ ಇಟ್ಟುಕೊಂಡದ್ದು. 261 ಅತ್ಯಾಚಾರ. ಇವನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗಬಾರದು. ಇಪ್ಪತ್ತೈದು ವರ್ಷ ಹಿಂದಿನ ಒಂದು ಪ್ರಕರಣ, ಮೊನ್ನೆ ಮೊನ್ನೆ 288(ಎ) ಅಡಿ ಜೈಲಿನಿಂದ ಹೊರಬಂದದ್ದು, ಇವೆರಡೂ ನಕ್ಷೆಯ ಮೇಲೆ ಒಂದೇ ಥರ ಕಾಣುತ್ತವೆ. ನೋಂದಣಿ ನಿಯಮ ಮುರಿದವರಿಗೆ ದಾಖಲೆಯಲ್ಲೇ ಪ್ರತ್ಯೇಕ ಸೂಚನೆ ಇರುತ್ತದೆ. ಅದನ್ನು ಗಮನಿಸಿ, ಅಂಥವರ ವಿಳಾಸ ಹಳತಾಗಿರುವ ಸಾಧ್ಯತೆ ಹೆಚ್ಚು.

ನೋಂದಾಯಿತರು ವರ್ಷಕ್ಕೊಮ್ಮೆ ತಮ್ಮ ಹುಟ್ಟುಹಬ್ಬದ 5 ಕೆಲಸದ ದಿನಗಳೊಳಗೆ ಹೋಗಿ ವಿವರ ನವೀಕರಿಸಬೇಕು, ಮನೆ ಬದಲಾಯಿಸಿದರೂ 5 ಕೆಲಸದ ದಿನ. ಮನೆ ಇಲ್ಲದವರು 30 ದಿನಕ್ಕೊಮ್ಮೆ. ಹಾಗಾಗಿ ಇವತ್ತು ನೋಡಿದ್ದು ವರ್ಷವಿಡೀ ನಿಲ್ಲುವುದಿಲ್ಲ. ಆಗಸ್ಟ್, ಜನವರಿ ಮತ್ತು ಬೇಸಿಗೆ ಕ್ಯಾಂಪ್‌ಗೆ ಹಾಕುವ ಮುಂಚೆ, ಮೂರು ಸಲ ನೋಡಿದರೆ ಸಾಕು. ಒಂದು ಸಲಕ್ಕೆ ಇಪ್ಪತ್ತು ನಿಮಿಷ ಹಿಡಿಯುತ್ತದೆ.

ಕಲಂ_ಪುಟ:

ಕಾನೂನಿನ ಕಡೆಯದು ನಾನು ಹೇಳುತ್ತೇನೆ.

ಶಾಲೆ ಹತ್ತಿರ ವಾಸ ಮಾಡುವ ಹಾಗಿಲ್ಲ ಅನ್ನುವುದು ಅರ್ಧ ಸತ್ಯ. 2006ರಲ್ಲಿ ಮತದಾರರು ಒಪ್ಪಿದ ಪ್ರಸ್ತಾವ 83, ಅಂದರೆ ಜೆಸ್ಸಿಕಾ ಕಾಯ್ದೆ, ಶಾಲೆ ಮತ್ತು ಪಾರ್ಕುಗಳಿಂದ 2,000 ಅಡಿ ದೂರ ಅಂತ ಬರೆಯಿತು. 2015ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್, ಪರೋಲ್ ಮೇಲಿರುವ ಎಲ್ಲರಿಗೂ ಕಣ್ಣುಮುಚ್ಚಿ ಅದನ್ನು ಹೇರಿದ್ದು ಸ್ಯಾನ್ ಡಿಯೇಗೊ ಕೌಂಟಿಯ ಮಟ್ಟಿಗೆ ಸಂವಿಧಾನಬಾಹಿರ ಅಂತ ತೀರ್ಪು ಕೊಟ್ಟಿತು. ಈಗ ಪರೋಲ್‌ನಲ್ಲಿರುವವರಿಗೆ ಅವರವರ ಪ್ರಕರಣ ನೋಡಿ ಷರತ್ತು ಹಾಕುವ ಪದ್ಧತಿ ಇದೆ. ಆದ್ದರಿಂದ ಶಾಲೆಯ ಪಕ್ಕದ ಬೀದಿ ತಾನಾಗಿಯೇ ಖಾಲಿ ಇರುತ್ತದೆ ಅಂತ ನಂಬಿ ಕೂರಬೇಡಿ. ಶಾಲೆಯ ಆವರಣದ ಒಳಗೆ ಕಾಲಿಡುವುದು ಬೇರೆ ಮಾತು: ಅಲ್ಲಿ ಸೂಕ್ತ ಕೆಲಸ ಇಲ್ಲದೆ, ಶಾಲೆಯ ಮುಖ್ಯಸ್ಥರ ಲಿಖಿತ ಅನುಮತಿ ಇಲ್ಲದೆ ನೋಂದಾಯಿತರು ಬರುವ ಹಾಗಿಲ್ಲ. ಆಫೀಸಿನಲ್ಲಿ ಪಾಲಕರ ಡ್ರೈವಿಂಗ್ ಲೈಸೆನ್ಸ್ ಸ್ಕ್ಯಾನ್ ಮಾಡಿ ಪಟ್ಟಿಯ ಜತೆ ತಾಳೆ ನೋಡುವ ವ್ಯವಸ್ಥೆ ಇದೆಯಾ ಅಂತ ಶಾಲೆಯನ್ನೇ ಕೇಳಿ.

ವಾಟ್ಸಾಪ್ ಗುಂಪು: ದಯವಿಟ್ಟು ಹಾಕಬೇಡಿ. ಅಪಾಯದಲ್ಲಿರುವ ವ್ಯಕ್ತಿಯನ್ನು ಕಾಪಾಡಲು ಈ ಮಾಹಿತಿ ಬಳಸಲು ಕಾನೂನು ಅವಕಾಶ ಕೊಡುತ್ತದೆ. ನಿಮ್ಮ ಮಗು ಯಾರ ಮನೆಗೆ ಹೋಗಬೇಕು, ಯಾರ ಕಾರು ಹತ್ತಬೇಕು ಅನ್ನುವ ನಿರ್ಧಾರ ಅದರೊಳಗೆ ಬರುತ್ತದೆ. ಆದರೆ ಬೆದರಿಸುವುದು, ಬಾಗಿಲ ಮೇಲೆ ಚೀಟಿ ಅಂಟಿಸುವುದು ಅಪರಾಧಕ್ಕೆ ದಾರಿ. ಪಟ್ಟಿಯ ಮಾಹಿತಿ ಬಳಸಿ ಸಣ್ಣ ಅಪರಾಧ ಮಾಡಿದರೂ 10,000ದಿಂದ 50,000 ಡಾಲರ್ ದಂಡ; ಗಂಭೀರ ಅಪರಾಧ ಮಾಡಿದರೆ ಅದರ ಶಿಕ್ಷೆಯ ಮೇಲೆ 5 ವರ್ಷ ಹೆಚ್ಚುವರಿ ಸೆರೆ. ವೀಸಾ ಮೇಲಿರುವವರಿಗೆ ಒಂದು ಶಿಕ್ಷೆ ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಫಾರ್ವರ್ಡ್ ಆಗುತ್ತ ಹೋದ ಫೋಟೊಗೆ ತಾರೀಕು ಇರುವುದಿಲ್ಲ. ಆ ಮನೆ ಖಾಲಿಯಾಗಿ ಅಲ್ಲಿಗೆ ಬೇರೆ ಸಂಸಾರ ಬಂದ ಮೇಲೂ ಅದು ಸುತ್ತುತ್ತಲೇ ಇರುತ್ತದೆ. ಇನ್ನೊಂದು ಸಂಗತಿ ಯಾರೂ ಯೋಚಿಸುವುದಿಲ್ಲ: ಅಪರಾಧ ಮನೆಯೊಳಗೇ ನಡೆದಿದ್ದರೆ, ಅಪರಾಧಿಯ ಹೆಸರು ಹರಡಿದಾಗ ಆ ಮಗುವಿನ ಗುರುತೂ ಬೀದಿಗೆ ಬರುತ್ತದೆ.

ಕೊಟ್ಟ ವಿಳಾಸದಲ್ಲಿ ಆ ವ್ಯಕ್ತಿ ಇಲ್ಲ, ಅಥವಾ ಆಟದ ಮೈದಾನದ ಹತ್ತಿರ ಮಕ್ಕಳನ್ನು ಮಾತಿಗೆಳೆಯುತ್ತಿದ್ದಾನೆ ಅನ್ನಿಸಿದರೆ ಸ್ಥಳೀಯ ಪೊಲೀಸರಿಗೆ ತಿಳಿಸಿ. ದಿನ, ಗಂಟೆ, ಜಾಗ, ಕಾರಿನ ನಂಬರ್, ಕಣ್ಣಾರೆ ಕಂಡದ್ದು ಇಷ್ಟು ಬರೆದಿಟ್ಟುಕೊಂಡು ಹೇಳಿ.

ಬೇರೆ ರಾಜ್ಯದವರೂ ಇದನ್ನು ಓದುತ್ತಿರಬಹುದು. ನ್ಯೂಯಾರ್ಕ್‌ನಲ್ಲಿ ಒಂದನೇ ಮಟ್ಟದವರು ಸೈಟ್‌ನಲ್ಲಿ ಇಲ್ಲ, ಹೆಸರು ಕೊಟ್ಟು ರಾಜ್ಯದ ಸಹಾಯವಾಣಿಯಲ್ಲಿ ವಿಚಾರಿಸಬೇಕು. ಮ್ಯಾಸಚೂಸೆಟ್ಸ್‌ನಲ್ಲೂ ಒಂದನೇ ಮಟ್ಟ ಸಾರ್ವಜನಿಕ ಅಲ್ಲ. ಕ್ಯಾಲಿಫೋರ್ನಿಯಾದ ಶ್ರೇಣಿ ಮುಖ್ಯವಾಗಿ ಯಾವ ಕಲಂ ಅನ್ನುವುದರ ಮೇಲೆ ನಿಂತಿದೆ, ನ್ಯೂಯಾರ್ಕ್‌ನ ಮಟ್ಟ ಮತ್ತೆ ತಪ್ಪು ಮಾಡುವ ಅಪಾಯ ಎಷ್ಟು ಅಂತ ಕೋರ್ಟ್ ಅಳೆದದ್ದು. ಒಂದು ರಾಜ್ಯದ 'ಮೂರು' ಇನ್ನೊಂದು ರಾಜ್ಯದ 'ಮೂರು' ಅಲ್ಲ.

ಡೇಕೇರ್_ಪದ್ಮಾ:

ಮಕ್ಕಳನ್ನು ನೋಡಿಕೊಳ್ಳುವವರ ವಿಷಯಕ್ಕೆ ಬರುತ್ತೇನೆ. ಪಟ್ಟಿಯಲ್ಲಿ ಹೆಸರು ಇಲ್ಲ ಅಂದರೆ ಶಿಕ್ಷೆಯಾಗಿ ಪ್ರಕಟವಾದವರಲ್ಲಿ ಇಲ್ಲ, ಅಷ್ಟೇ. ದೂರೇ ಬರದವರು, ಕೇಸು ನಡೆಯುತ್ತಿರುವವರು, ಬೇರೆ ದೇಶದಲ್ಲಿ ಶಿಕ್ಷೆಯಾಗಿದ್ದು ಇಲ್ಲಿ ಗೊತ್ತೇ ಆಗದವರು, ಯಾರೂ ಅದರಲ್ಲಿ ಸಿಗುವುದಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆ ಟ್ರಸ್ಟ್‌ಲೈನ್ ಇದೆ. ಲೈಸೆನ್ಸ್ ಬೇಕಿಲ್ಲದ ನ್ಯಾನಿ, ಬೇಬಿಸಿಟರ್‌ಗಳು ಬೆರಳಚ್ಚು ಕೊಟ್ಟು ಅರ್ಜಿ ಹಾಕುತ್ತಾರೆ. ರಾಜ್ಯದ ನ್ಯಾಯ ಇಲಾಖೆ ಮತ್ತು ಎಫ್‌ಬಿಐ ದಾಖಲೆ, ಜತೆಗೆ ಮಕ್ಕಳ ಮೇಲಿನ ದೌರ್ಜನ್ಯದ ರಾಜ್ಯ ಸೂಚಿ, ಮೂರನ್ನೂ ನೋಡಿ ಒಪ್ಪುತ್ತಾರೆ. ಸಾರ್ವಜನಿಕ ಸೈಟ್‌ಗಿಂತ ಇದು ಆಳ. ಬರುವವರು 'ನನ್ನದು ಟ್ರಸ್ಟ್‌ಲೈನ್ ಆಗಿದೆ' ಅಂದರೆ ಬಾಯಿಮಾತಿಗೆ ಒಪ್ಪದೆ 1-800-822-8490ಕ್ಕೆ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ಇತ್ತೀಚೆಗಷ್ಟೇ ಊರಿನಿಂದ ಬಂದವರಾದರೆ ಬೆರಳಚ್ಚಿನಿಂದಲೂ ಏನೂ ತಿಳಿಯುವುದಿಲ್ಲ, ಆಗ ಅವರು ಮುಂಚೆ ಕೆಲಸ ಮಾಡಿದ ಇಬ್ಬರು ಮೂವರು ಮನೆಯವರ ಹತ್ತಿರ ನೇರ ಮಾತಾಡುವುದೇ ದಾರಿ. 'ಒಳ್ಳೆಯವರಾ?' ಅಂತ ಕೇಳಿದರೆ ಎಲ್ಲರೂ ಹೌದು ಅನ್ನುತ್ತಾರೆ. 'ಮತ್ತೆ ನಿಮ್ಮ ಮಗುವನ್ನು ಅವರ ಹತ್ತಿರ ಒಂಟಿಯಾಗಿ ಬಿಡ್ತೀರಾ?' ಅಂತ ಕೇಳಿ, ಉತ್ತರ ಬರುವ ಮುಂಚಿನ ಮೌನವನ್ನು ಗಮನಿಸಿ.

ಭಾನುವಾರದ ಕನ್ನಡ ಕ್ಲಾಸ್, ನಾಟಕ ತಾಲೀಮು ನಡೆಸುವವರೂ ಕೇಳಿ. 2022ರ ಜನವರಿ 1ರಿಂದ ಎಬಿ 506 ಅನ್ನುವ ರಾಜ್ಯದ ಕಾನೂನು ಜಾರಿಯಲ್ಲಿದೆ. ಮಕ್ಕಳ ಸೇವಾ ಸಂಸ್ಥೆಗಳಲ್ಲಿ ಆಡಳಿತಗಾರರು, ನೌಕರರು ಮತ್ತು ಕಾಯಂ ಸ್ವಯಂಸೇವಕರು (18 ವರ್ಷ ಮೇಲ್ಪಟ್ಟು, ತಿಂಗಳಿಗೆ 16 ಗಂಟೆ ಅಥವಾ ವರ್ಷಕ್ಕೆ 32 ಗಂಟೆ ಮೀರಿ ಮಕ್ಕಳ ಜತೆ ಇರುವವರು) ಲೈವ್ ಸ್ಕ್ಯಾನ್ (ಡಿಜಿಟಲ್) ಬೆರಳಚ್ಚು ಮಾಡಿಸಬೇಕು, ದೌರ್ಜನ್ಯ ಗುರುತಿಸಿ ವರದಿ ಮಾಡುವ ತರಬೇತಿ ಪಡೆಯಬೇಕು. ವಾರಕ್ಕೆ ಒಂದು ಗಂಟೆ ಪಾಠ ಹೇಳಿದರೂ ವರ್ಷದಲ್ಲಿ 32 ದಾಟುತ್ತದೆ. 'ನಾವೆಲ್ಲ ಪರಿಚಯದವರೇ' ಅನ್ನುವ ಕಾರಣಕ್ಕೆ ಕೂಟಗಳು ಇದನ್ನು ಬಿಡಬಾರದು.

ಫ್ರೀಮಾಂಟ್_ಕನ್ನಡತಿ:

ತುಂಬ ಉಪಕಾರ. ಜಿಪ್ ಪಟ್ಟಿ ತೆರೆದು ನೋಡಿದೆ, ಖಾಲಿ ಅಂದುಕೊಂಡ ಕಡೆ ಆರು ಹೆಸರು ಬಂದವು. ಇನ್ನೊಂದು ಪ್ರಶ್ನೆ: ಬೇಸಿಗೆ ರಜೆಗೆ ಮಕ್ಕಳು ಮೈಸೂರಿನಲ್ಲಿ ಅಜ್ಜಿ ಮನೆಯಲ್ಲಿರುತ್ತಾರೆ. ಅಲ್ಲಿ ಇಂಥ ಪಟ್ಟಿ ಇದೆಯಾ?

ಮಲ್ಲೇಶ್ವರಂ_ಮೇಷ್ಟ್ರು:

ಪಟ್ಟಿ ಇದೆ, ನಮಗೆ ನೋಡಲು ಸಿಗುವುದಿಲ್ಲ. 2018ರ ಸೆಪ್ಟೆಂಬರ್ 20ರಂದು ಕೇಂದ್ರ ಗೃಹ ಇಲಾಖೆ ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ದತ್ತಾಂಶ ಶುರು ಮಾಡಿತು. ಆಗಲೇ 4.4 ಲಕ್ಷ ನಮೂದುಗಳಿದ್ದವು. ನೋಡಿಕೊಳ್ಳುವುದು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ, ತೆರೆಯುವ ಅಧಿಕಾರ ಪೊಲೀಸ್ ಮತ್ತು ತನಿಖಾ ಸಂಸ್ಥೆಗಳಿಗೆ ಮಾತ್ರ.

ಪಾಲಕರಿಗೆ ಕೈಗೆಟುಕುವುದು ಬೇರೆ ಎರಡು. ಒಂದು, 2020ರ ಪೋಕ್ಸೊ ನಿಯಮಗಳು: ಶಾಲೆ, ಶಿಶುವಿಹಾರ, ಕ್ರೀಡಾ ಅಕಾಡೆಮಿ ಹೀಗೆ ಮಕ್ಕಳ ಒಡನಾಟ ಇರುವ ಸಂಸ್ಥೆಗಳು ಕಾಯಂ, ಗುತ್ತಿಗೆ ಅನ್ನದೆ ಎಲ್ಲ ಸಿಬ್ಬಂದಿಯ ಪೊಲೀಸ್ ಪರಿಶೀಲನೆಯನ್ನು ಆಗಾಗ ಮಾಡಿಸಬೇಕು. ಬೇಸಿಗೆ ಶಿಬಿರಕ್ಕೆ ಫೀಸು ಕಟ್ಟುವ ಮುಂಚೆ ವ್ಯಾನ್ ಡ್ರೈವರ್, ಆಯಾ, ಈಜು ಕಲಿಸುವವರು, ಇವರ ಪರಿಶೀಲನೆ ಯಾವ ತಾರೀಕಿನದು ಅಂತ ಕೇಳಿ. ಎರಡು, ಮನೆಗೆಲಸಕ್ಕೆ ಬರುವವರಿಗೆ ಸೇವಾ ಸಿಂಧು ಮೂಲಕ ಪೊಲೀಸ್ ಪರಿಶೀಲನೆಗೆ ಅರ್ಜಿ ಹಾಕಬಹುದು.

ಅನುಮಾನ ಬಂದರೆ ಮಕ್ಕಳ ಸಹಾಯವಾಣಿ 1098 ಅಥವಾ ತುರ್ತು ಸಂಖ್ಯೆ 112ಕ್ಕೆ ಫೋನ್ ಮಾಡಿ. ಪೋಕ್ಸೊ 19ನೇ ಕಲಂ ಪ್ರಕಾರ ಗೊತ್ತಿದ್ದವರು ಪೊಲೀಸರಿಗೆ ಹೇಳಲೇಬೇಕು, ಮುಚ್ಚಿಟ್ಟರೆ 21ನೇ ಕಲಂ ಅಡಿ 6 ತಿಂಗಳವರೆಗೆ ಸೆರೆ. ಮಗುವಿನ ಹೇಳಿಕೆಯನ್ನು ಮನೆಯಲ್ಲೇ, ಆದಷ್ಟು ಮಟ್ಟಿಗೆ ಮಹಿಳಾ ಸಬ್ ಇನ್‌ಸ್ಪೆಕ್ಟರ್, ಸಮವಸ್ತ್ರ ಇಲ್ಲದೆ ಬಂದು ಬರೆದುಕೊಳ್ಳಬೇಕು ಅಂತ 24ನೇ ಕಲಂ ಹೇಳುತ್ತದೆ. ಠಾಣೆಗೆ ಮಗುವನ್ನು ಕರೆದುಕೊಂಡು ಹೋಗಬೇಕಲ್ಲ ಅನ್ನುವ ಭಯಕ್ಕೆ ಸುಮ್ಮನಾಗಬೇಡಿ.

ಸಹ್ಯಾದ್ರಿ_ಸ್ಯಾನ್‌ಹೋಸೆ:

ಆರು ಹೆಸರು ಅಂತ ಗಾಬರಿಯಾಗಬೇಡಿ ಮೇಡಂ. ಅಮೆರಿಕದ ನ್ಯಾಯ ಇಲಾಖೆಯ ಅಂಕಿಅಂಶ ಬ್ಯೂರೊ 2000ದಲ್ಲಿ ತಂದ ವರದಿಯಲ್ಲಿ, ಪೊಲೀಸರಿಗೆ ದೂರು ಬಂದ ಪ್ರಕರಣಗಳಲ್ಲಿ ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದವರ ಪೈಕಿ ಅಪರಿಚಿತರು ಶೇ. 7 ಮಾತ್ರ. ಶೇ. 34 ಮನೆಯವರೇ, ಶೇ. 59 ಪರಿಚಯದವರು. ಪಟ್ಟಿಗೆ ಇಪ್ಪತ್ತು ನಿಮಿಷ ಕೊಟ್ಟರೆ, ಈ ಶೇ. 93ಕ್ಕೆ ಎಷ್ಟು ಕೊಡಬೇಕು ಲೆಕ್ಕ ಹಾಕಿ.

ನಮ್ಮಲ್ಲಿ ತೊಡಕು ಎಲ್ಲಿದೆ ಅಂದರೆ, ಮನೆಗೆ ಬಂದ ಗಂಡಸರೆಲ್ಲ ಮಾವ, ಅಂಕಲ್, ತಾತ. 'ಮಾವಂಗೆ ಒಂದು ಮುತ್ತು ಕೊಡು', 'ಅಂಕಲ್ ತೊಡೆ ಮೇಲೆ ಕೂತ್ಕೋ ಪುಟ್ಟಿ' ಅಂತ ನಾವೇ ತಳ್ಳುತ್ತೇವೆ. ಮಗು ಹಿಂದೆ ಸರಿದರೆ 'ನಾಚ್ಕೋತಾಳೆ' ಅಂತ ನಗುತ್ತೇವೆ. ಬೇಡ ಅನ್ನುವ ಅಧಿಕಾರ ಮಗುವಿನ ಕೈಯಿಂದ ಹೋಗುವುದು ಅಲ್ಲೇ. ನಮಸ್ಕಾರ ಮಾಡಿದರೆ ಸಾಕು ಅಂತ ಅಜ್ಜಿ ತಾತನಿಗೂ ಮೊದಲೇ ಹೇಳಿಟ್ಟುಬಿಡಿ. ಅವರು ಒಪ್ಪದಿದ್ದರೆ ಮಗುವಿನ ಎದುರಿಗೇ ನೀವು ಮಗುವಿನ ಪರ ನಿಲ್ಲಿ.

ಆರು ವರ್ಷದವಳಿಗೆ ಹೇಳಬೇಕಾದ್ದು ಇಷ್ಟು: ಚಡ್ಡಿಯೊಳಗಿನ ಜಾಗವನ್ನು ಸ್ನಾನ ಮಾಡಿಸುವಾಗ ಅಮ್ಮ ಅಪ್ಪ, ಅಮ್ಮ ಜತೆಗಿದ್ದಾಗ ಡಾಕ್ಟರ್, ಇವರಷ್ಟೇ ಮುಟ್ಟಬಹುದು. ಆ ಅಂಗಗಳ ಹೆಸರನ್ನು 'ಅದು', 'ಶೇಮ್ ಶೇಮ್' ಅನ್ನದೆ ಸರಿಯಾಗಿ ಕಲಿಸಿ, ಹೆಸರೇ ಗೊತ್ತಿಲ್ಲದ ಮಗು ನಡೆದದ್ದನ್ನು ಹೇಳುವುದು ಹೇಗೆ? ಹುಟ್ಟುಹಬ್ಬದ ಉಡುಗೊರೆಯನ್ನು ಗುಟ್ಟಾಗಿಡಬಹುದು, ಅದು ಒಂದು ದಿನ ಎಲ್ಲರಿಗೂ ಗೊತ್ತಾಗುತ್ತದೆ. 'ಅಮ್ಮಂಗೆ ಯಾವತ್ತೂ ಹೇಳ್ಬೇಡ' ಅಂತ ದೊಡ್ಡವರು ಹೇಳಿದರೆ, ಅದು ಚಾಕೊಲೇಟ್ ವಿಷಯವೇ ಆದರೂ ಓಡಿಬಂದು ಹೇಳಬೇಕು. ಮಗನಿಗೂ ಇದೇ ಪಾಠ, ಮೂರು ವರ್ಷಕ್ಕೆ ಸ್ನಾನದ ಹೊತ್ತಿನಲ್ಲಿ ಅರ್ಧ ನಿಮಿಷದ ಮಾತು ಸಾಕು.

ಮಗು ಏನಾದರೂ ಹೇಳಿದರೆ ಮುಖದಲ್ಲಿ ಗಾಬರಿ ತೋರಿಸದೆ 'ಹೇಳಿದ್ದು ಒಳ್ಳೇದಾಯ್ತು ಪುಟ್ಟಾ' ಅನ್ನಿ, ಮತ್ತೆ ಮತ್ತೆ ಕೆದಕಬೇಡಿ. ಅವಳು ಆಡಿದ ಪದಗಳನ್ನೇ ಹಾಗೇ ಬರೆದಿಡಿ, ಕನ್ನಡದಲ್ಲಿ ಹೇಳಿದರೆ ಕನ್ನಡದಲ್ಲೇ. ನಂತರ ಪೊಲೀಸರಿಗೆ, ಅಥವಾ ಏನು ಮಾಡಬೇಕು ಅಂತ ತಿಳಿಯದಿದ್ದರೆ ಚೈಲ್ಡ್‌ಹೆಲ್ಪ್ ಸಹಾಯವಾಣಿ 1-800-422-4453ಕ್ಕೆ ಫೋನ್ ಮಾಡಿ. ಆರೋಪ ಬಂದವರು ಎಷ್ಟೇ ಹತ್ತಿರದವರಾದರೂ ಅವರಿಗೆ ಮೊದಲು ಫೋನ್ ಮಾಡಿ ವಿಚಾರಿಸುವ ಕೆಲಸ ಮಾತ್ರ ಮಾಡಬೇಡಿ.