ಐಡಿಯಲ್ಲಿ ಡಾಟ್, ಕೋಲನ್ ಇದ್ದರೆ ಕ್ವೆರಿಸೆಲೆಕ್ಟರ್ ಕೈಕೊಡುತ್ತಿದೆ, ಕನ್ನಡ ಹಾಕಿದ್ದೇ ತಪ್ಪಾ?

ಜೋಳದರೊಟ್ಟಿ:
ಒಂದು ಪಟ್ಟಣ ಪಂಚಾಯಿತಿ ಲೆಕ್ಕದ ಸಣ್ಣ ಪೇಜ್ ಮಾಡುತ್ತಿದ್ದೇನೆ. ಎಕ್ಸೆಲ್ ಶೀಟಿನ ಹೆಡ್ಡಿಂಗ್‌ಗಳೇ ನೇರವಾಗಿ ಐಡಿ (ಪೇಜಿನ ಒಂದೊಂದು ಎಲಿಮೆಂಟ್, ಅಂದರೆ ಭಾಗಕ್ಕೆ ಕೊಡುವ ಹೆಸರು) ಆಗುತ್ತವೆ. ಅಂದರೆ ಬೀದಿದೀಪ, ನೀರು.ಬಿಲ್, ತೆರಿಗೆ:2024, 1ನೇ-ವಾರ್ಡ್, ಹೀಗೆ. ಐಡಿ ಹಿಡಿದು ಎಲಿಮೆಂಟ್ ಹುಡುಕಲು ಎರಡು ಜಾವಾಸ್ಕ್ರಿಪ್ಟ್ ಫಂಕ್ಷನ್ ಬಳಸಿ ನೋಡಿದೆ. ಗೆಟ್‌ಎಲಿಮೆಂಟ್‌ಬೈಐಡಿ ಕೊಟ್ಟರೆ ಎಲ್ಲವೂ ಸಿಗುತ್ತವೆ. ಅದೇ ಕ್ವೆರಿಸೆಲೆಕ್ಟರ್‌ಗೆ ಮುಂದೆ # ಹಾಕಿ ಕೊಟ್ಟರೆ ಬೀದಿದೀಪ ಮಾತ್ರ ಸಿಗುತ್ತದೆ. ನೀರು.ಬಿಲ್‌ಗೆ ನಲ್ (ಏನೂ ಸಿಗಲಿಲ್ಲ), ಉಳಿದೆರಡಕ್ಕೆ ಕನ್ಸೋಲ್ ತುಂಬ ಕೆಂಪು ಎರರ್. ಡಾಟ್ ಮುಂದೆ ಒಂದು ಬ್ಯಾಕ್‌ಸ್ಲ್ಯಾಶ್ ಹಾಕಿದರೂ ಅದೇ ನಲ್. ಟೀಮಿನವರು "ಐಡಿಗೆ ಕನ್ನಡ ಯಾಕ್ರೀ ಹಾಕಿದ್ರಿ, ಎಲ್ಲಾ ಇಂಗ್ಲಿಷ್ ಮಾಡಿ" ಅಂತಿದ್ದಾರೆ. ನಿಜಕ್ಕೂ ಕನ್ನಡದ್ದೇ ತೊಂದರೆಯಾ?

ತುಂಗೆತೀರ:
ಕನ್ನಡದ್ದೇನೂ ಇಲ್ಲ, ಬೀದಿದೀಪ ಸಿಕ್ಕಿತಲ್ವಾ! ಕನ್ನಡ ಅಕ್ಷರಗಳನ್ನು ಪೇಜಿನ ಸ್ಟೈಲ್ ಭಾಷೆಯಾದ ಸಿಎಸ್‌ಎಸ್ ಹಾಗೆಯೇ ಒಪ್ಪುತ್ತದೆ.

ಗೆಟ್‌ಎಲಿಮೆಂಟ್‌ಬೈಐಡಿ ನೀವು ಕೊಟ್ಟದ್ದನ್ನು ಬರೀ ಹೆಸರು ಅಂತ ನೋಡುತ್ತದೆ. ಕ್ವೆರಿಸೆಲೆಕ್ಟರ್ ಅದನ್ನೇ ಸಿಎಸ್‌ಎಸ್ ಅಂತ ಬಿಡಿಸಿ ಓದುತ್ತದೆ. #ನೀರು.ಬಿಲ್ ಅಂದರೆ ಅದಕ್ಕೆ "ನೀರು ಅನ್ನೋ ಐಡಿ, ಬಿಲ್ ಅನ್ನೋ ಕ್ಲಾಸ್ (ಹಲವು ಎಲಿಮೆಂಟಿಗೆ ಕೊಡಬಹುದಾದ ಗುಂಪಿನ ಹೆಸರು) ಎರಡೂ ಇರುವ ಎಲಿಮೆಂಟ್". ಅಂಥದ್ದು ಪೇಜಿನಲ್ಲಿ ಇಲ್ಲ, ಆದರೆ ಸೆಲೆಕ್ಟರ್ (ಹುಡುಕುವ ಸೂತ್ರ) ಬರೆದದ್ದು ಸರಿಯಾಗಿಯೇ ಇದೆ, ಹಾಗಾಗಿ ಎರರ್ ಇಲ್ಲದೆ ಸುಮ್ನೆ ನಲ್ ಕೊಡುತ್ತದೆ. ಕೋಲನ್ ಬಂದರೆ ಮುಂದಿನದು ಹೋವರ್, ಚೆಕ್ಡ್ ತರಹದ ಸ್ಯೂಡೋ ಕ್ಲಾಸ್ (ಎಲಿಮೆಂಟಿನ ಸ್ಥಿತಿ ಹೇಳುವ ಪದ) ಇರಬೇಕು. 2024 ಅಂಥದ್ದಲ್ಲ, ಅದಕ್ಕೇ ಸಿಂಟ್ಯಾಕ್ಸ್ ಎರರ್. ಇನ್ನು ಸಿಎಸ್‌ಎಸ್‌ನಲ್ಲಿ ಹೆಸರು 0ರಿಂದ 9ರ ಅಂಕಿಯಿಂದ ಶುರುವಾಗುವ ಹಾಗಿಲ್ಲ. ಮಜಾ ಏನಂದ್ರೆ #1ನೇ-ವಾರ್ಡ್ ನಡೆಯಲ್ಲ, #೧ನೇ-ವಾರ್ಡ್ ನಡೆಯುತ್ತದೆ! ಕನ್ನಡ ಅಂಕಿ ಅದರ ಲೆಕ್ಕದಲ್ಲಿ ಅಂಕಿಯೇ ಅಲ್ಲ. ಟೀಮಿನವರಿಗೆ ಇದನ್ನು ತೋರಿಸಿ.

ನಿಮ್ಮ ಬ್ಯಾಕ್‌ಸ್ಲ್ಯಾಶನ್ನು ನುಂಗಿದ್ದು ಜಾವಾಸ್ಕ್ರಿಪ್ಟ್. '#ನೀರು\.ಬಿಲ್' ಅಂತ ಬರೆದರೆ ಸ್ಟ್ರಿಂಗ್‌ನಲ್ಲಿ ಡಾಟ್ ಮಾತ್ರ ಉಳಿಯುತ್ತದೆ, '#ನೀರು\\.ಬಿಲ್' ಅಂತ ಎರಡು ಬೇಕು. ಸಿಎಸ್‌ಎಸ್ ಫೈಲಿನಲ್ಲಾದರೆ ಒಂದೇ ಸಾಕು. ಆದರೆ ಶೀಟಿನಿಂದ ಬರುವ ಹೆಸರಿಗೆ ಯಾರು ಕೂತು ಸ್ಲ್ಯಾಶ್ ಎಣಿಸುತ್ತಾರೆ? '#' + ಸಿಎಸ್‌ಎಸ್.ಎಸ್ಕೇಪ್(ಐಡಿ) ಅಂತ ಹಾಕಿ, ಬ್ರೌಸರ್‌ನಲ್ಲೇ ಇದೆ, ಬೇಕಾದ ಸ್ಲ್ಯಾಶ್‌ಗಳನ್ನು ಅದೇ ಹಾಕುತ್ತದೆ, ಹೆಸರಿನ ಮೊದಲ ಅಂಕಿಯನ್ನೂ ನೋಡಿಕೊಳ್ಳುತ್ತದೆ. # ಮಾತ್ರ ಹೊರಗಿರಲಿ, ಒಳಗೆ ಹಾಕಿದರೆ ಅದನ್ನೂ ಎಸ್ಕೇಪ್ ಮಾಡಿಬಿಡುತ್ತದೆ. ಜೆಕ್ವೆರಿ ಲೈಬ್ರರಿ ಇದ್ದರೆ 3.0ರಿಂದ ಅದರಲ್ಲೂ ಎಸ್ಕೇಪ್‌ಸೆಲೆಕ್ಟರ್ ಇದೆ.

ಹಳೇಬೇರು:
[id="ನೀರು.ಬಿಲ್"] ಅಂತ ಕೋಟ್ ಒಳಗೆ ಕೊಟ್ಟರೂ ಸಿಗುತ್ತದೆ. ಸ್ಟೈಲ್‌ಗೆ ಬಳಸಿದರೆ ಮಾತ್ರ ಇದರ ತೂಕ ಕ್ಲಾಸಿನಷ್ಟೇ, # ಹಾಕಿದ್ದು ಇದನ್ನು ಮೀರಿಸುತ್ತದೆ. ನನ್ನ ಕೇಳಿದರೆ ಐಡಿಯೊಳಗೆ ಇದನ್ನೆಲ್ಲ ತುಂಬಲೇಬಾರದು, ಹೆಡ್ಡಿಂಗ್ ಬೇಕಾದರೆ ಡೇಟಾ ಆಟ್ರಿಬ್ಯೂಟಿಗೆ (ಟ್ಯಾಗಿನಲ್ಲಿ data- ಅಂತ ಶುರುವಾಗುವ ಜಾಗ) ಹಾಕಿ, ಐಡಿ ಸಾಲು-1, ಸಾಲು-2 ಅಂತ ಇರಲಿ.

ತುಂಗೆತೀರ:
ಐಡಿ ನಮ್ಮ ಕೈಯಲ್ಲಿದ್ದರೆ ಸರಿ ಸಾರ್. ಆದರೆ ಕೆಲವು ವೆಬ್ ಟೂಲ್‌ಗಳು ಐಡಿಯನ್ನು ತಾವೇ ಮಾಡುತ್ತವೆ. ಜೆಎಸ್‌ಎಫ್ ಫಾರ್ಮ್ ಹೆಸರಿಗೂ ಫೀಲ್ಡ್ ಹೆಸರಿಗೂ ನಡುವೆ ಕೋಲನ್ ತಾನೇ ಹಾಕುತ್ತದೆ, ರಿಯಾಕ್ಟ್ 18ರ ಯೂಸ್‌ಐಡಿ ಎರಡೂ ತುದಿಗೆ ಹಾಕುತ್ತದೆ. ಅಲ್ಲಿ ಎಸ್ಕೇಪ್ ಬಿಟ್ಟು ಗತಿಯಿಲ್ಲ.

ಜೋಳದರೊಟ್ಟಿ:
ಎಸ್ಕೇಪ್ ಹಾಕಿದೆ, ಎಲ್ಲಾ ಸಿಕ್ಕವು, ಥ್ಯಾಂಕ್ಸ್! ಎರಡು ಉಳಿದಿವೆ. "ವಾರ್ಡ್" ಅನ್ನೋ ಒಂದು ಕಾಲಂ ಗೆಟ್‌ಎಲಿಮೆಂಟ್‌ಬೈಐಡಿಗೂ ಸಿಗುತ್ತಿಲ್ಲ, ಕಣ್ಣಿಗೆ ಎರಡೂ ಕಡೆ ಒಂದೇ. ಮತ್ತೆ ಲಿಂಕಿನಿಂದ ಬಂದಾಗ ವಿಳಾಸದಲ್ಲಿ # ಸೇರಿ ಅದರ ಮುಂದಿರುವ ಭಾಗ, ಅಂದರೆ ಲೊಕೇಶನ್.ಹ್ಯಾಶ್ ಅನ್ನೇ ಕ್ವೆರಿಸೆಲೆಕ್ಟರ್‌ಗೆ ಕೊಟ್ಟರೆ ಬೀದಿದೀಪವೂ ಎರರ್!

ಕಾಫಿಪುಡಿ:
ಮೊದಲನೆಯದಕ್ಕೆ ಎರಡೂ ಕಡೆಯ ಸ್ಟ್ರಿಂಗ್‌ನ ಲೆಂಗ್ತ್ ನೋಡಿ. ವಾರ್ಡ್ ಅಂದರೆ 6 ಬರಬೇಕು. 7 ಬಂದರೆ ಕೊನೆಯ ಅರ್ಧ ಡ್ ಆದಮೇಲೆ ಕಣ್ಣಿಗೆ ಕಾಣದ ಜೀರೋ ವಿಡ್ತ್ ನಾನ್ ಜಾಯ್ನರ್ (ಅಕ್ಷರ ಕೂಡದಂತೆ ತಡೆಯುವ ಗುರುತು, U+200C) ಕೂತಿದೆ. "ವಾರ್ಡ್‌ವಾರು" ತರಹದ ಕಡೆ ಒತ್ತಕ್ಷರ ಆಗದಿರಲು ಅದು ಬೇಕು, ಪದದ ಕೊನೆಯಲ್ಲಿ ಬರೀ ತಲೆನೋವು. ನಾರ್ಮಲೈಸ್ (ಯೂನಿಕೋಡ್ ಅಕ್ಷರಗಳನ್ನು ಒಂದೇ ರೂಪಕ್ಕೆ ತರುವುದು) ಮಾಡಿದರೂ ಅದು ಹೋಗಲ್ಲ. ಐಡಿ ಮಾಡುವಾಗಲೂ ಹುಡುಕುವಾಗಲೂ ಒಂದೇ ಫಂಕ್ಷನ್‌ನಲ್ಲಿ ಕೊನೆಯ U+200C ತೆಗೆಯಿರಿ. ಅಲ್ಲೇ ಸ್ಪೇಸನ್ನೂ ಹೈಫನ್ ಮಾಡಿಬಿಡಿ. ಐಡಿಯಲ್ಲಿ ಸ್ಪೇಸ್ ಇರುವ ಹಾಗಿಲ್ಲ.

ಹ್ಯಾಶ್‌ನಲ್ಲಿ ಕನ್ನಡ ಬರುವುದೇ ಪರ್ಸೆಂಟ್ ಗುರುತುಗಳಾಗಿ. ಶುರುವಿನ # ಕತ್ತರಿಸಿ, ಡಿಕೋಡ್‌ಯುಆರ್‌ಐಕಾಂಪೊನೆಂಟ್‌ಗೆ ಕೊಟ್ಟು, ಬಂದದ್ದನ್ನು ಗೆಟ್‌ಎಲಿಮೆಂಟ್‌ಬೈಐಡಿಗೆ ಹಾಕಿ. ಅಲ್ಲಿ ಎಸ್ಕೇಪ್ ಬೇಡ, ಹಾಕಿದರೆ ಡಾಟ್, ಕೋಲನ್ ಇರುವವು ಸಿಗಲ್ಲ.

ಜೋಳದರೊಟ್ಟಿ:
7 ಬಂತು ಮಾರಾಯ್ರೆ.